ಇಂಗ್ಲಿಷ್ ಪಾಠಕ್ಕೆ ಫೋನು, ಪರದೆ, ಸ್ಪೀಕರು: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಜಿಟಲ್ ಸಾಧನಗಳನ್ನು ಬಳಸಿ ಇಂಗ್ಲಿಷ್ ಕಲಿಸುವ, ಕಲಿಯುವ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ 46 ಮಕ್ಕಳು. ಅವರ ಹತ್ತಿರ ಮೊಬೈಲ್ ಇಲ್ಲ, ಶಾಲೆಗೆ ತರುವಂತೆಯೂ ಇಲ್ಲ. ಇರುವುದು ನನ್ನದೊಂದು ಫೋನ್. ಕೈ ಎತ್ತುವ ಐದಾರು ಮಕ್ಕಳಷ್ಟೇ ಅಲ್ಲದೆ ಎಲ್ಲರೂ ಉತ್ತರಿಸುವಂಥ ಕ್ವಿಜ್ ಮಾಡಬಹುದೇ?
— ಶಿಕ್ಷಕಿ, ಜಗಳೂರು ತಾಲ್ಲೂಕು

ಮಾಡಬಹುದು ಮೇಡಂ. ಪ್ಲಿಕರ್ಸ್ ಎಂಬ ಆ್ಯಪ್ ಇರುವುದೇ ಇಂಥ ತರಗತಿಗೆ. ಮಕ್ಕಳ ಕೈಗೆ ಹೋಗುವುದು ಕಾಗದದ ಕಾರ್ಡ್, ಅದನ್ನು ಓದುವುದು ನಿಮ್ಮ ಫೋನಿನ ಕ್ಯಾಮೆರಾ. ಪ್ರತಿ ಕಾರ್ಡಿನ ಮೇಲೆ ಬೇರೆಬೇರೆ ಆಕಾರದ ಕಪ್ಪು ಗುರುತು, ಒಂದು ಸಂಖ್ಯೆ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡ್ ತಿರುಗಿಸಿ ಹಿಡಿಯುತ್ತದೆ. ನೀವು ಫೋನನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದರೆ ಯಾರ ಉತ್ತರ ಏನೆಂದು ದಾಖಲಾಗುತ್ತ ಹೋಗುತ್ತದೆ. ಇಂಟರ್ನೆಟ್ ಬೇಕಿರುವುದು ನಿಮ್ಮ ಫೋನಿಗೆ ಮಾತ್ರ. ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರೂ ಆಯಿತು, ಪ್ರೊಜೆಕ್ಟರ್ ಬೇಕೆಂದೇನಿಲ್ಲ.

ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡ್ ಮಾತ್ರ ಇರುತ್ತವೆ. ನಿಮಗೆ 46 ಬೇಕಾದ್ದರಿಂದ 63 ಕಾರ್ಡ್‌ಗಳ ಸೆಟ್ ಇಳಿಸಿಕೊಳ್ಳಿ. ಒಂದು ಎ4 ಹಾಳೆಗೆ ಎರಡು ಕಾರ್ಡ್, ಅಂದರೆ 23 ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಗಾಢವಾಗಿ ಬರಲಿ ಎಂದು ಹೇಳಿ. ಬೂದು ಬಣ್ಣಕ್ಕೆ ತಿರುಗಿದರೆ ಕ್ಯಾಮೆರಾ ತಡವರಿಸುತ್ತದೆ. ಗುರುತಿನ ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಬೇಡಿ. ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಬೇಡವೇ ಬೇಡ: ಬಾಳಿಕೆಗೆ ಒಳ್ಳೆಯದು ನಿಜ, ಆದರೆ ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಕಪ್ಪು ಗುರುತು ಬಿಳಿಯಾಗಿ ಕಾಣಿಸುತ್ತದೆ. ಕಾರ್ಡಿನ ಸಂಖ್ಯೆಯೂ ಹಾಜರಿ ಪುಸ್ತಕದ ಸಂಖ್ಯೆಯೂ ಒಂದೇ ಆಗಿದ್ದರೆ ಹಂಚುವಾಗ ಗೊಂದಲವಿಲ್ಲ.

ಸ್ಕ್ಯಾನ್ ಆಗದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಬೆರಳು. ಮಕ್ಕಳು ಕಾರ್ಡನ್ನು ಗಟ್ಟಿಯಾಗಿ ಹಿಡಿಯುವ ಭರದಲ್ಲಿ ಹೆಬ್ಬೆರಳನ್ನು ಕಪ್ಪಿನ ಮೇಲೆ ಇಟ್ಟಿರುತ್ತಾರೆ. ಬಿಳಿ ಅಂಚನ್ನು ಮಾತ್ರ ಹಿಡಿಯಲು ಮೊದಲ ದಿನವೇ ಅಭ್ಯಾಸ ಮಾಡಿಸಿ. ಕಿಟಕಿಗೆ ಬೆನ್ನು ಮಾಡಿ ಕುಳಿತವರ ಕಾರ್ಡ್ ಕಪ್ಪಾಗಿ ಕಂಡರೆ ನೀವು ಬದಿಗೆ ಸರಿದು ನಿಲ್ಲಿ. ಹಿಂದಿನ ಸಾಲು ಸಿಗದಿದ್ದರೆ ನಾಲ್ಕು ಹೆಜ್ಜೆ ಒಳಗೆ ನಡೆಯಿರಿ.

ಇಷ್ಟು ಕೈಗೆ ಹತ್ತಲು ಎರಡು ಪೀರಿಯಡ್ ಸಾಕು. ಕಷ್ಟದ ಕೆಲಸ ಪ್ರಶ್ನೆ ಬರೆಯುವುದು. ತಪ್ಪು ಆಯ್ಕೆ ಒಂದೊಂದೂ ಮಕ್ಕಳು ನಿಜವಾಗಿ ಮಾಡುವ ಒಂದೊಂದು ತಪ್ಪಾಗಿರಬೇಕು. ಪ್ರಶ್ನೆ ‘ವೇರ್ ____ ಎವ್ರಿ ಸಂಡೆ?’ ಎಂದಿರಲಿ. ಆಯ್ಕೆಗಳು ‘ಶಿ ಗೋಸ್’, ‘ಡಸ್ ಶಿ ಗೋಸ್’, ‘ಡಸ್ ಶಿ ಗೋ’, ‘ಶಿ ಈಸ್ ಗೋಯಿಂಗ್’. ‘ಶಿ ಗೋಸ್’ ಎಂದವರಿಗೆ ಪ್ರಶ್ನೆ ಮಾಡುವಾಗ ಪದಗಳ ಜಾಗ ಬದಲಾಗುತ್ತದೆಂದು ತಿಳಿದಿಲ್ಲ. ‘ಡಸ್ ಶಿ ಗೋಸ್’ ಎಂದವರಿಗೆ ಅರ್ಧ ತಿಳಿದಿದೆ. ಇಬ್ಬರಿಗೂ ಒಂದೇ ಪಾಠ ಹೇಳಿ ಉಪಯೋಗವಿಲ್ಲ.

ಮೊದಲ ಸುತ್ತಿನ ಫಲಿತಾಂಶ ನಿಮ್ಮ ಫೋನಿನಲ್ಲೇ ಇರಲಿ, ಸರಿ ಉತ್ತರ ಹೇಳಬೇಡಿ. ನೂರಕ್ಕೆ 30ರಿಂದ 70ರಷ್ಟು ಮಕ್ಕಳ ಉತ್ತರ ಸರಿಯಿದ್ದರೆ, ಪಕ್ಕದವರ ಜೊತೆ ಎರಡು ನಿಮಿಷ ಚರ್ಚಿಸಲು ಬಿಟ್ಟು ಮತ್ತೆ ಕಾರ್ಡ್ ಎತ್ತಿಸಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಭೌತಶಾಸ್ತ್ರದ ತರಗತಿಗಾಗಿ ರೂಪಿಸಿದ ಈ ಕ್ರಮ ವ್ಯಾಕರಣಕ್ಕೂ ಹೊಂದುತ್ತದೆ. ಚರ್ಚೆ ಕನ್ನಡದಲ್ಲಿ ನಡೆದರೂ ಅಡ್ಡಿಯಿಲ್ಲ. ಸರಿ ಉತ್ತರ ಕೊಟ್ಟವರು ನೂರಕ್ಕೆ 30ಕ್ಕಿಂತ ಕಡಿಮೆಯಾದರೆ ಚರ್ಚೆಯಿಂದ ತಪ್ಪೇ ಹರಡುತ್ತದೆ, ನೀವೇ ಮತ್ತೆ ವಿವರಿಸಿ.

ಒಂದು ಪೀರಿಯಡ್‌ಗೆ ಐದು ಪ್ರಶ್ನೆ ದಾಟಬೇಡಿ. ಕಾರ್ಡ್ ತಿರುಗಿಸಲು ಇಂಗ್ಲಿಷ್ ಮಾತಾಡಬೇಕಿಲ್ಲವಲ್ಲ. ಪ್ರತಿ ಪ್ರಶ್ನೆ ಮುಗಿದ ಮೇಲೆ ಪಕ್ಕದವರಿಗೆ ಅದೇ ಮಾದರಿಯ ಸ್ವಂತ ಪ್ರಶ್ನೆ ಒಂದನ್ನು ಬಾಯಿಬಿಟ್ಟು ಕೇಳಿಸಿ. ಸಮಯ ಸಾಲದಿದ್ದರೆ ಕ್ವಿಜ್‌ನಲ್ಲಿ ಎರಡು ಪ್ರಶ್ನೆ ಬಿಡಿ, ಮಾತನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬ್‌ನಲ್ಲಿ ಇಂಟರ್ನೆಟ್ ಇದೆ, ವಾರಕ್ಕೊಮ್ಮೆ ಕಹೂಟ್ ಎಂಬ ಆನ್‌ಲೈನ್ ಕ್ವಿಜ್ ಆಟ ಆಡಿಸುತ್ತೇನೆ. ಮಕ್ಕಳು ಕುಣಿದಾಡುತ್ತಾರೆ. ಆದರೆ ಗೆಲ್ಲುವವರು ಯಾವಾಗಲೂ ಅದೇ ನಾಲ್ಕು ಜನ, ಉಳಿದವರು ಓದದೆ ಯಾವುದೋ ಬಣ್ಣ ಒತ್ತುತ್ತಾರೆ.
— ಶಿಕ್ಷಕ, ದಾವಣಗೆರೆ

ಆಟದ ಲೆಕ್ಕವೇ ಹಾಗಿದೆ ಸರ್. ಒಂದು ಪ್ರಶ್ನೆಗೆ 1000 ಅಂಕ. ಸರಿ ಉತ್ತರವನ್ನು ತಕ್ಷಣ ಒತ್ತಿದರೆ ಸಾವಿರದ ಹತ್ತಿರ, ಸಮಯ ಮುಗಿಯುವಾಗ ಒತ್ತಿದರೆ ಐನೂರರ ಹತ್ತಿರ. 20 ಸೆಕೆಂಡಿನ ಪ್ರಶ್ನೆಗೆ ಹತ್ತನೇ ಸೆಕೆಂಡಿಗೆ ಒತ್ತಿದವರಿಗೆ 750. ಇಂಗ್ಲಿಷ್ ವಾಕ್ಯವನ್ನು ಕೂಡಿಸಿ ಕೂಡಿಸಿ ಓದುವ ಮಗು ಎಲ್ಲ ಸರಿ ಮಾಡಿದರೂ ಮೇಲೆ ಬರುವುದಿಲ್ಲ. ಎರಡು ವಾರ ನೋಡಿ ಆ ಮಗು ಓದುವುದನ್ನೇ ಬಿಡುತ್ತದೆ. ತಪ್ಪು ಮಗುವಿನದಲ್ಲ.

ಪ್ರಶ್ನೆಯ ಸಮಯವನ್ನು 60 ಅಥವಾ 90 ಸೆಕೆಂಡಿಗೆ ಏರಿಸಿ. ಒಂದು ಕಂಪ್ಯೂಟರ್‌ಗೆ ಮೂವರಂತೆ ಟೀಮ್ ಮೋಡ್‌ನಲ್ಲಿ ಆಡಿಸಿ, ನಿಧಾನ ಓದುವವರ ಕೈಯಲ್ಲಿ ಮೌಸ್ ಇರಲಿ. ಪ್ರಶ್ನೆಯನ್ನು ನೀವು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆಯೇ ಆಯ್ಕೆಗಳ ಕಡೆ ನೋಡಬೇಕೆಂದು ಮೊದಲೇ ಹೇಳಿರಿ. ಪದ ನೆನಪಿಸಲು ಕಹೂಟ್ ಸಾಕು. ವ್ಯಾಕರಣಕ್ಕೂ ಓದಿಗೂ ಆದರೆ ಪ್ರತಿ ಮಗು ತನ್ನ ವೇಗದಲ್ಲಿ ಸಾಗುವ ಕ್ವಿಜಿಝ್ ವಾಸಿ, ಅದರಲ್ಲಿ ಗಡಿಯಾರವನ್ನು ಪೂರ್ತಿ ಆರಿಸಿಡಬಹುದು. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಇದು 2025ರಿಂದ ವೇಗ್ರೌಂಡ್ ಎಂಬ ಹೆಸರಿನಲ್ಲಿದೆ, ಹಳೆಯ ಹೆಸರಿನಲ್ಲಿ ಹುಡುಕಿ ಗಲಿಬಿಲಿಯಾಗಬೇಡಿ.

ಪ್ರಶ್ನೆ: ತಗಡಿನ ಛಾವಣಿಯ ಕೊಠಡಿಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಇಂಗ್ಲಿಷ್ ಆಡಿಯೋ ಕೇಳಿಸುತ್ತೇನೆ. ನಾಲ್ಕು ಸಲ ಹಾಕಿದರೂ ‘ಅರ್ಥ ಆಗ್ಲಿಲ್ಲ ಸರ್’ ಅನ್ನುತ್ತಾರೆ. ಅದೇ ಪಾಠ ಪುಸ್ತಕದಲ್ಲಿ ತೋರಿಸಿದರೆ ಓದುತ್ತಾರೆ.
— ಶಿಕ್ಷಕ, ಹೊಳಲ್ಕೆರೆ

ಇಲ್ಲಿ ಎರಡು ತೊಂದರೆ ಬೆರೆತಿವೆ, ಬೇರೆ ಮಾಡಿ ನೋಡೋಣ.

ಮೊದಲನೆಯದು ಸದ್ದು. ತಗಡಿನ ಕೊಠಡಿಯಲ್ಲಿ ಶಬ್ದ ಜೋರು ಮಾಡಿದಷ್ಟೂ ಪ್ರತಿಧ್ವನಿ ಜೋರಾಗಿ, ಪದದ ಕೊನೆಯ ವ್ಯಂಜನಗಳು ಅಳಿಸಿಹೋಗುತ್ತವೆ. ಇಂಗ್ಲಿಷಿನಲ್ಲಿ ಬಹುವಚನವೂ ಭೂತಕಾಲವೂ ಕುಳಿತಿರುವುದು ಅಲ್ಲೇ. ಸ್ಪೀಕರನ್ನು ಕರಿಹಲಗೆಯ ಬಳಿ ಇಡದೆ ಕೋಣೆಯ ನಡುವೆ, ಕುಳಿತ ಮಕ್ಕಳ ಕಿವಿಯ ಎತ್ತರಕ್ಕೆ ಇಡಿ. ಮಕ್ಕಳು ಸುತ್ತ ಕೂರಲಿ, ಸದ್ದು ಕಡಿಮೆ ಸಾಕು. ಇನ್ನೊಂದು ಸಣ್ಣ ವಿಷಯ: ಸುಮ್ಮನಿದ್ದ ಬ್ಲೂಟೂತ್ ಸ್ಪೀಕರ್ ಎಚ್ಚರವಾಗಲು ಅರ್ಧ ಸೆಕೆಂಡು ತೆಗೆದುಕೊಂಡು ಮೊದಲ ಪದವನ್ನೇ ನುಂಗಿಬಿಡುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆಡಿಯೋದ ಆರಂಭಕ್ಕೆ ಎರಡು ಸೆಕೆಂಡ್ ಮೌನ ಸೇರಿಸಿ ಎಂಪಿ3 ಮಾಡಿಟ್ಟುಕೊಳ್ಳಿ.

ಎರಡನೆಯದು ಕೇಳಿಸುವ ರೀತಿ. ಓದುವಾಗ ಪದಗಳ ನಡುವೆ ಜಾಗವಿರುತ್ತದೆ, ಮಾತಿನಲ್ಲಿ ಇರುವುದಿಲ್ಲ. ‘ಪಿಕ್ ಇಟ್ ಅಪ್’ ಎನ್ನುವುದು ಕಿವಿಗೆ ‘ಪಿಕಿಟಪ್’. ‘ಆಫ್’, ‘ಟು’, ‘ಹ್ಯಾವ್’ ಇಂಥವು ಅರ್ಧ ಉಸಿರಿನಲ್ಲಿ ಜಾರಿಹೋಗುತ್ತವೆ. ಹಾಗಾಗಿ ಸುಮ್ಮನೆ ಮತ್ತೆ ಮತ್ತೆ ಹಾಕಿದರೆ ಗೋಜಲು ಹಾಗೇ ಉಳಿಯುತ್ತದೆ. ಒಂದು ನಿಮಿಷ ಮೀರದ ತುಣುಕು ಆರಿಸಿ. ಮೊದಲ ಸಲ ಕೇಳುವ ಮುಂಚೆ ಮೂರು ಚಿತ್ರ ತೋರಿಸಿ, ಮಾತು ಯಾವುದರ ಬಗ್ಗೆ ಎಂದಷ್ಟೇ ಕೇಳಿ. ಎರಡನೇ ಸಲಕ್ಕೆ ಎರಡು ಪ್ರಶ್ನೆ, ಅವನ್ನು ಆಡಿಯೋಗೆ ಮುಂಚೆಯೇ ಬೋರ್ಡಿನ ಮೇಲೆ ಬರೆದಿರಿ. ಮೂರನೇ ಸಲ ಲಿಖಿತ ರೂಪ ಕೈಗೆ ಕೊಡಿ, ಅದರಲ್ಲಿ ಆ ಸಣ್ಣ ಪದಗಳ ಜಾಗ ಮಾತ್ರ ಖಾಲಿ ಇರಲಿ. ನಾಲ್ಕನೇ ಸಲ ವಾಕ್ಯಕ್ಕೊಮ್ಮೆ ನಿಲ್ಲಿಸಿ, ಅದೇ ಲಯದಲ್ಲಿ ಮಕ್ಕಳು ಹೇಳಲಿ.

ವೇಗ ತಗ್ಗಿಸಲು ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ 0.85 ಪಟ್ಟಿನವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಮಾತು ಎಳೆದಂತಾಗಿ ಲಯವೇ ಕೆಡುತ್ತದೆ. ವಾಕ್ಯಗಳ ನಡುವೆ ಎರಡೆರಡು ಸೆಕೆಂಡ್ ಮೌನ ತುಂಬುವುದು ಇನ್ನೂ ಒಳ್ಳೆಯ ದಾರಿ.

ಪ್ರಶ್ನೆ: ಬಿ.ಎ. ಓದುತ್ತಿದ್ದೇನೆ. ಉಚ್ಚಾರಣೆ ಸರಿಯಿದೆಯೇ ಎಂದು ನೋಡಲು ಫೋನಿನ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಇಂಗ್ಲಿಷ್ ಮಾತಾಡುತ್ತೇನೆ. ಎಲ್ಲ ಸರಿಯಾಗಿ ಟೈಪ್ ಆಗುತ್ತದೆ. ಆದರೂ ಕಾಲೇಜಿನಲ್ಲಿ ಮಾತಾಡಿದರೆ ‘ಏನಂದೆ?’ ಎಂದು ಕೇಳುತ್ತಾರೆ.
— ವಿದ್ಯಾರ್ಥಿನಿ, ಚಳ್ಳಕೆರೆ

ಮೈಕ್ ನಿಮ್ಮ ಮೇಲೆ ಕನಿಕರ ತೋರಿಸುತ್ತಿದೆ ತಾಯಿ. ಧ್ವನಿ ಟೈಪಿಂಗ್ ನೀವು ಹೇಳಿದ್ದನ್ನು ಇದ್ದದ್ದು ಇದ್ದಂತೆ ಬರೆಯುವುದಿಲ್ಲ, ಹಿಂದುಮುಂದಿನ ಪದ ನೋಡಿ ಊಹಿಸುತ್ತದೆ. ‘ಐ ರೋಟ್ ವಿತ್ ಎ ಪ್ಯಾನ್’ ಎಂದರೂ ಅದು ಪೆನ್ ಎಂದೇ ಬರೆಯುವ ಸಂಭವ ಹೆಚ್ಚು, ಬಾಣಲೆಯಿಂದ ಯಾರೂ ಬರೆಯುವುದಿಲ್ಲವಲ್ಲ. ಒಂಟಿ ಪದ ಹೇಳಿದರೆ ಇದಕ್ಕೆ ಉಲ್ಟಾ: ಊಹೆಗೆ ಆಸರೆ ಇಲ್ಲದೆ ಸರಿ ಪದವನ್ನೂ ತಪ್ಪಾಗಿ ಬರೆಯುತ್ತದೆ.

ಆದ್ದರಿಂದ ಎರಡು ಪದವೂ ಹೊಂದುವಂಥ ವಾಕ್ಯ ಕಟ್ಟಿ. ‘ವೇರ್ ಈಸ್ ಮೈ ಪೆನ್?’, ‘ವೇರ್ ಈಸ್ ಮೈ ಪ್ಯಾನ್?’ ಎರಡನ್ನೂ ಬೆರೆಸಿ ಹತ್ತು ಸಲ ಹೇಳಿ. ಎಂಟಾದರೂ ನೀವು ಅಂದುಕೊಂಡಂತೆ ಬಂದರೆ ಮುಂದಿನ ಜೋಡಿಗೆ ಹೋಗಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಇಂಗ್ಲಿಷ್ ಇಂಡಿಯಾ ಎಂದಿರಲಿ. ಅಮೆರಿಕದವರಂತೆ ಮಾತಾಡುವುದು ನಿಮ್ಮ ಗುರಿಯಲ್ಲ.

ಜೋಡಿಗಳನ್ನು ಪರದೇಶದ ಪುಸ್ತಕಗಳಿಂದ ಎತ್ತಿಕೊಳ್ಳಬೇಡಿ. ಅವುಗಳಲ್ಲಿ ಮೊದಲು ಸಿಗುವುದು ‘ಶಿಪ್’ ಮತ್ತು ‘ಶೀಪ್’. ಹ್ರಸ್ವ ದೀರ್ಘ ಹುಟ್ಟಿನಿಂದ ಬಂದ ಕನ್ನಡದ ಬಾಯಿಗೆ ಅದು ಕಷ್ಟವೇ ಅಲ್ಲ. ನಮ್ಮ ತೊಡಕು ಬೇರೆ ಕಡೆ. ಪದದ ಮೊದಲಿಗೆ ಎ, ಒ ಬಂದರೆ ಅರಿವಿಲ್ಲದೆ ಯ, ವ ಸೇರಿಸುತ್ತೇವೆ: ಎಗ್ ‘ಯೆಗ್’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ಕಿವಿ ಎಂಬರ್ಥದ ‘ಇಯರ್’ ಮತ್ತು ವರ್ಷ ಎಂಬರ್ಥದ ‘ಯಿಯರ್’ ಎರಡೂ ಒಂದೇ ಆಗಿಬಿಡುತ್ತವೆ. ‘ಸಿಪ್’ ಮತ್ತು ‘ಜಿಪ್’ನ ಮೊದಲ ಧ್ವನಿಗೂ ಗಮನ ಬೇಕು, ‘ಜಿಪ್’ನದು ನಮ್ಮ ಜ ಅಲ್ಲ, ಸಕಾರಕ್ಕೆ ಗಂಟಲಿನ ಕಂಪನ ಸೇರಿದ್ದು. ವೈನ್ ಎಂದು ನಾವು ಒಂದೇ ರೀತಿ ಬರೆಯುವ ಎರಡು ಪದಗಳಿವೆ. ದ್ರಾಕ್ಷಾರಸದ್ದಕ್ಕೆ ತುಟಿ ದುಂಡಗಾಗಬೇಕು, ಬಳ್ಳಿಯದ್ದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇದನ್ನು ಮೈಕ್‌ಗಿಂತ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಕೊಳ್ಳುವುದು ಸುಲಭ.

ಇನ್ನೆರಡು ಸಂಗತಿ ಯಾವ ಮೈಕ್‌ಗೂ ಸಿಗುವುದಿಲ್ಲ. ಒಂದು, ಪದದ ಕೊನೆಗೆ ನಾವು ಅಂಟಿಸುವ ಉಕಾರ. ‘ಬಸ್ಸು’ ಎಂದರೂ ಅದು ಬಸ್ ಎಂದೇ ಬರೆದುಕೊಳ್ಳುತ್ತದೆ. ಇನ್ನೊಂದು, ಒತ್ತು. ‘ಡೆವಲಪ್’ನಲ್ಲಿ ಒತ್ತು ಬೀಳಬೇಕಾದ್ದು ಎರಡನೇ ಭಾಗಕ್ಕೆ, ನಮ್ಮಲ್ಲಿ ಬಹಳ ಜನ ಮೊದಲನೆಯದಕ್ಕೆ ಹಾಕುತ್ತೇವೆ. ‘ಏನಂದೆ?’ ಎನ್ನುವುದಕ್ಕೆ ಬಹುಪಾಲು ಇದೇ ಕಾರಣ. ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲಿ ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿ ಕೇಳಿ, ನಿಮ್ಮದನ್ನು ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೊಂದು ಕೇಳಿ. ದಿನಕ್ಕೆ ಐದು ಪದ ಸಾಕು.

ಪ್ರಶ್ನೆ: ಸ್ಮಾರ್ಟ್ ಬೋರ್ಡ್ ಮುಟ್ಟದೇ ಇದ್ದರೂ ತಾನಾಗಿ ಪುಟ ತಿರುಗುತ್ತದೆ. ಎಳೆದು ಜೋಡಿಸುವ ಆಟದಲ್ಲಿ ಪದಗಳು ನಡುವೆಯೇ ಕೈಬಿಡುತ್ತವೆ.
— ಶಿಕ್ಷಕಿ, ಹೊಸದುರ್ಗ

ಹೆಚ್ಚಿನ ಬೋರ್ಡ್‌ಗಳಲ್ಲಿ ಸ್ಪರ್ಶ ಗುರುತಿಸುವುದು ಚೌಕಟ್ಟಿನ ಒಳ ಅಂಚಿನಿಂದ ಹಾಯುವ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣಗಳು. ಏನೇ ಅಡ್ಡ ಬಂದರೂ ಅದನ್ನು ಬೆರಳೆಂದೇ ಎಣಿಸುತ್ತದೆ. ಪಕ್ಕದ ಕರಿಹಲಗೆಯ ಸೀಮೆಸುಣ್ಣದ ಪುಡಿ ಮೊದಲ ಅಪರಾಧಿ. ಬೋರ್ಡ್ ಆರಿಸಿ, ಒಣ ಮೃದು ಬಟ್ಟೆಯಿಂದ ನಾಲ್ಕೂ ಒಳ ಅಂಚನ್ನು ಒರೆಸಿ. ನೀರು ಚಿಮುಕಿಸಬೇಡಿ. ಆಮೇಲೂ ನಿಲ್ಲದಿದ್ದರೆ ನೇರ ಬಿಸಿಲು ಚೌಕಟ್ಟಿನ ಮೇಲೆ ಬೀಳುತ್ತಿದೆಯೇ ನೋಡಿ, ಕಿಟಕಿಯ ಪರದೆ ಎಳೆಯಿರಿ. ಬಳೆ, ದುಪಟ್ಟಾ, ಪಕ್ಕದ ಮಗುವಿನ ಮೊಣಕೈ ಇವೂ ಲೆಕ್ಕಕ್ಕೆ ಬರುತ್ತವೆ. ಇಷ್ಟೆಲ್ಲ ಆದ ಮೇಲೆ ಮಾತ್ರ ಕ್ಯಾಲಿಬ್ರೇಷನ್, ಅಂದರೆ ಬೆರಳಿಟ್ಟ ಜಾಗ ಬೋರ್ಡಿನ ಜಾಗಕ್ಕೆ ಹೊಂದುವಂತೆ ಸರಿಪಡಿಸುವ ಕೆಲಸ ಮಾಡಿ.

ಬೋರ್ಡ್ ಸರಿಯಾದ ಮೇಲೆ ಒಂದು ಮಾತು. ಒಬ್ಬಳು ಎದ್ದು ಬಂದು ಪದ ಎಳೆಯುವಾಗ ಉಳಿದವರು ಬರೀ ನೋಡುತ್ತ ಕೂರುತ್ತಾರೆ. ಎಲ್ಲರೂ ಮೊದಲು ತಮ್ಮ ಉತ್ತರ ಬರೆದುಕೊಳ್ಳಲಿ, ಆಮೇಲೆ ಒಬ್ಬರನ್ನು ಕರೆಯಿರಿ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ರಾತ್ರಿ ಇಪ್ಪತ್ತು ನಿಮಿಷ ಬಿಡುವು. ಒಂದು ಆ್ಯಪ್‌ನಲ್ಲಿ ಆರು ತಿಂಗಳಿನಿಂದ ಒಂದು ದಿನವೂ ತಪ್ಪಿಸಿಲ್ಲ. ಹೊರ ರಾಜ್ಯದ ಗಿರಾಕಿ ಬಂದರೆ ಬಾಯಿ ಕಟ್ಟುತ್ತದೆ.
— ಚೌಕಿಪೇಟೆ, ದಾವಣಗೆರೆ

ಅಂಥ ಆ್ಯಪ್‌ಗಳಲ್ಲಿ ಹೆಚ್ಚಿನ ಸಮಯ ಕಣ್ಣೆದುರಿನ ನಾಲ್ಕು ಪದಗಳಲ್ಲಿ ಒಂದನ್ನು ಒತ್ತುವುದರಲ್ಲೇ ಹೋಗುತ್ತದೆ. ಗಿರಾಕಿ ನಾಲ್ಕು ಆಯ್ಕೆ ಕೊಟ್ಟು ಕಾಯುವುದಿಲ್ಲ. ನಿಮ್ಮ ಇಪ್ಪತ್ತು ನಿಮಿಷವನ್ನು ನಿಮ್ಮ ಕೌಂಟರಿನ ಮಾತಿಗೆ ತಿರುಗಿಸಿ.

ಕಾರ್ಡ್‌ಗಳನ್ನು ದಿನ ಬಿಟ್ಟು ಮತ್ತೆ ಮತ್ತೆ ತೋರಿಸಿ ನೆನಪು ಗಟ್ಟಿ ಮಾಡುವ ಆಂಕಿಡ್ರಾಯ್ಡ್ ಎಂಬ ಆ್ಯಪ್ ಆಂಡ್ರಾಯ್ಡ್ ಫೋನ್‌ಗೆ ಉಚಿತ. ಅದರಲ್ಲಿ ನೀವೇ ಕಾರ್ಡ್ ಮಾಡಬೇಕು. ಕಾರ್ಡಿನ ಮುಂಬದಿಗೆ ಕನ್ನಡದಲ್ಲಿ ಸಂದರ್ಭ: ‘ಒಗೆದರೆ ಕುಗ್ಗುತ್ತಾ ಅಂತ ಕೇಳಿದರು, ಇಲ್ಲ ಅನ್ನಬೇಕು’. ಹಿಂದೆ ‘ನೋ, ಇಟ್ ವೋಂಟ್ ಶ್ರಿಂಕ್’. ಇನ್ನೊಂದು, ‘ಇದಕ್ಕಿಂತ ತಿಳಿ ಬಣ್ಣ ತೋರಿಸಲಾ ಅಂತ ಕೇಳಬೇಕು’. ಹಿಂದೆ ‘ಶಲ್ ಐ ಶೋ ಯು ಎ ಲೈಟರ್ ಶೇಡ್?’. ‘ಐ ಆಮ್ ಹ್ಯಾವಿಂಗ್ ಕಾಟನ್ ಆಲ್ಸೋ’ ಎಂದು ಬಾಯಿಗೆ ಬಂದುಬಿಟ್ಟಿದ್ದರೆ ಅದರ ಜಾಗಕ್ಕೆ ‘ವಿ ಹ್ಯಾವ್ ಇಟ್ ಇನ್ ಕಾಟನ್ ಟೂ’ ಕಾರ್ಡ್ ಮಾಡಿ. ಇಂಥ ಮೂವತ್ತು ವಾಕ್ಯದಿಂದ ಶುರುಮಾಡಿ, ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳಿ. ತಪ್ಪು ವಾಕ್ಯ ಕಾರ್ಡಿಗೆ ಹೋದರೆ ತಪ್ಪೇ ಗಟ್ಟಿಯಾಗುತ್ತದೆ.

ಆ್ಯಪ್‌ನಲ್ಲಿ ಮೊದಲೇ ಇರುವ ಮಿತಿ ದಿನಕ್ಕೆ 20 ಹೊಸ ಕಾರ್ಡ್. ಅದನ್ನು 5ಕ್ಕೆ ಇಳಿಸಿ. ಹೊಸದು ಹೆಚ್ಚಿದಂತೆ ಹಳೆಯದನ್ನು ಮತ್ತೆ ನೋಡುವ ಹೊರೆ ಬೆಳೆದು, ಕೆಲವೇ ವಾರದಲ್ಲಿ ಇಪ್ಪತ್ತು ನಿಮಿಷ ಒಂದು ಗಂಟೆಯಾಗುತ್ತದೆ, ಜನ ಬಿಡುವುದು ಅಲ್ಲೇ. ಕಾರ್ಡ್ ತಿರುಗಿಸುವ ಮುಂಚೆ ವಾಕ್ಯವನ್ನು ಗಟ್ಟಿಯಾಗಿ ಹೇಳಿ, ಮನಸ್ಸಿನಲ್ಲಿ ಅಂದುಕೊಂಡರೆ ಲೆಕ್ಕಕ್ಕಿಲ್ಲ. ನೆನಪಾಗದಿದ್ದರೆ ‘ಅಗೇನ್’ ಒತ್ತಿ. ಸಂಕೋಚಕ್ಕೆ ‘ಹಾರ್ಡ್’ ಒತ್ತುವವರು ಬಹಳ. ‘ಹಾರ್ಡ್’ ಅಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದರ್ಥ, ಮರೆತ ಕಾರ್ಡಿಗೆ ಅದನ್ನು ಒತ್ತಿದರೆ ಆ ವಾಕ್ಯ ದೂರದ ದಿನಕ್ಕೆ ಹೋಗಿ ಕೂರುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹತ್ತು ಹಳೆಯ ಕಂಪ್ಯೂಟರ್‌ಗಳಿವೆ, ಇಂಟರ್ನೆಟ್ ಇಲ್ಲ. ಟೈಪಿಂಗ್ ಬಿಟ್ಟು ಇಂಗ್ಲಿಷ್‌ಗೆ ಏನಾದರೂ ಮಾಡಬಹುದೇ?
— ಮುಖ್ಯ ಶಿಕ್ಷಕರು, ಮೊಳಕಾಲ್ಮೂರು

ಬೇಕಾದಷ್ಟಿದೆ ಸರ್. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಹಾಟ್ ಪೊಟ್ಯಾಟೋಸ್ ಎಂಬ ಉಚಿತ ತಂತ್ರಾಂಶವಿದೆ. ನೋಡಲು ಹಳೆಯ ಕಾಲದ್ದು, ಕೆಲಸಕ್ಕೆ ಗಟ್ಟಿ. ಇಂಟರ್ನೆಟ್ ಇರುವ ಕಡೆ ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಒಂದೇ ಕಂಪ್ಯೂಟರ್‌ಗೆ ಹಾಕಿದರೆ ಸಾಕು. ಅದರಲ್ಲಿ ಮಾಡಿದ ಅಭ್ಯಾಸ ವೆಬ್ ಪುಟದ ಫೈಲ್ ಆಗಿ ಉಳಿಯುತ್ತದೆ, ಉಳಿದ ಒಂಬತ್ತಕ್ಕೆ ಆ ಫೈಲನ್ನು ನಕಲು ಮಾಡಿದರೆ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ.

ಜೆಮಿಕ್ಸ್ ಎಂಬ ಭಾಗದಿಂದ ಶುರುಮಾಡಿ. ಕಲಸಿಟ್ಟ ಪದಗಳನ್ನು ವಾಕ್ಯವಾಗಿ ಜೋಡಿಸುವ ಆಟ ಅದು. ಕ್ರಿಯಾಪದವನ್ನು ಕೊನೆಗೆ ಇಡುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹದವಾದ ಅಭ್ಯಾಸ ಕಡಿಮೆ. ಒಂದು ವಾಕ್ಯಕ್ಕೆ ಐದರಿಂದ ಎಂಟು ಪದ ಇರಲಿ. ‘ಯೆಸ್ಟರ್ಡೆ’ಯಂಥ ಪದ ಮೊದಲೂ ಕೊನೆಗೂ ಬರಬಹುದಾದ್ದರಿಂದ ಎರಡನ್ನೂ ಸರಿ ಉತ್ತರವಾಗಿ ಸೇರಿಸಿ. ಇಲ್ಲದಿದ್ದರೆ ಸರಿ ಬರೆದ ಮಗುವಿಗೆ ಯಂತ್ರ ತಪ್ಪು ಎನ್ನುತ್ತದೆ, ಮಗು ಯಂತ್ರವನ್ನೇ ನಂಬುತ್ತದೆ.

ಬಿಟ್ಟ ಸ್ಥಳ ತುಂಬಿಸಲು ಜೆಕ್ಲೋಜ್. ಮೊಳಕಾಲ್ಮೂರು ಸೀರೆ ನೇಯುವ ಹಂತಗಳನ್ನೇ ಎಂಟು ಸರಳ ವಾಕ್ಯದಲ್ಲಿ ಬರೆದು, ‘ಫಸ್ಟ್’, ‘ದೆನ್’, ‘ಆಫ್ಟರ್ ದಟ್’ ಇವುಗಳ ಜಾಗ ಖಾಲಿ ಬಿಡಿ. ನೇಕಾರರ ಮನೆಯ ಮಕ್ಕಳಿಗೆ ಕ್ರಮ ಗೊತ್ತಿರುವುದರಿಂದ ಗಮನವೆಲ್ಲ ಇಂಗ್ಲಿಷಿಗೇ ಸಿಗುತ್ತದೆ. ‘ಡೋಂಟ್’, ‘ಡಸಂಟ್’ ಇಂಥ ಪದಗಳಲ್ಲಿ ಎಚ್ಚರ: ವರ್ಡ್‌ನಲ್ಲಿ ಬರೆದು ಅಂಟಿಸಿದರೆ ಮೇಲಿನ ಚಿಹ್ನೆ ಡೊಂಕಾಗಿರುತ್ತದೆ, ಮಕ್ಕಳು ಕೀಲಿಮಣೆಯಲ್ಲಿ ಒತ್ತಿದಾಗ ನೆಟ್ಟಗೆ ಬರುತ್ತದೆ. ಯಂತ್ರಕ್ಕೆ ಎರಡೂ ಬೇರೆ, ಸರಿ ಉತ್ತರಕ್ಕೂ ತಪ್ಪು ಬೀಳುತ್ತದೆ. ಉತ್ತರವನ್ನು ಆ ತಂತ್ರಾಂಶದೊಳಗೇ ಟೈಪ್ ಮಾಡಿ.

ಸುಳಿವಿನ ಬಟನ್ ಒಂದೊಂದೇ ಅಕ್ಷರ ತೋರಿಸುತ್ತದೆ. ಅದನ್ನು ಒತ್ತುತ್ತಲೇ ಇಡೀ ಅಭ್ಯಾಸ ಮುಗಿಸುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕಾನ್ಫಿಗರೇಷನ್‌ಗೆ ಹೋಗಿ ಬಟನ್ ತೆಗೆದುಬಿಡಿ. ಒಂದು ಕಂಪ್ಯೂಟರ್‌ಗೆ ಇಬ್ಬರಂತೆ ಕೂರಿಸಿ, ಒಬ್ಬರು ವಾಕ್ಯ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ, ಐದು ವಾಕ್ಯಕ್ಕೊಮ್ಮೆ ಜಾಗ ಬದಲಾಗಲಿ. ಬ್ರೌಸರ್ ಮುಚ್ಚಿದರೆ ಅಂಕ ಎಲ್ಲೂ ಉಳಿಯುವುದಿಲ್ಲ. ಕೊನೆಯಲ್ಲಿ ಕಾಣುವ ಶೇಕಡಾವಾರನ್ನೂ ತಪ್ಪಾದ ವಾಕ್ಯಗಳನ್ನೂ ಏಳುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂಬ ನಿಯಮ ಮಾಡಿ, ಮುಂದಿನ ವಾರದ ಅಭ್ಯಾಸಕ್ಕೆ ಆ ವಾಕ್ಯಗಳನ್ನೇ ಬಳಸಿ.